ಬಾಲಸಾಹಿತ್ಯವೂ ಬೆಳೆದ ಓದುಗನೂ

ನಾಡಿನ ಪ್ರೌಢಶಾಲೆಗಳ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಕಾಣಬರುವ ಒಂದು ದೃಶ್ಯವುಂಟು. ಸಾಲಾಗಿ ನಿಂತ ಬೀರುಗಳಲ್ಲಿ ಮೂಲೆಗೆ ಸೇರಿದ ಒಂದರ ಮೇಲೆ ‘ಮಕ್ಕಳ ಪುಸ್ತಕಗಳು’ ಎಂಬ ಚೀಟಿ ಅಂಟಿರುತ್ತದೆ. ಅದರ ಕೀಲಿಕೈ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ವಶದಲ್ಲಿರುತ್ತದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಆ ಬೀರುವಿನ ಮುಂದೆ ನಿಂತು ಗಾಜಿನೊಳಗೆ ಇಣುಕಿದನೆಂದರೆ, “ಇನ್ನೂ ಸಣ್ಣ ಕೂಸೇನಪ್ಪಾ ನೀನು? ಪರೀಕ್ಷೆ ಹತ್ತಿರ ಬಂತು, ಹೋಗಿ ಗಣಿತ ನೋಡಿಕೋ” ಎಂಬ ಮಾತು ಬೆನ್ನ ಹಿಂದಿನಿಂದ ಕೇಳಿಬರುತ್ತದೆ. ಆ ಮಾತಿನಲ್ಲಿ ಗದರಿಕೆಯಿಲ್ಲ, ವಾತ್ಸಲ್ಯವೇ ಇದೆ. ಆದರೂ ಅದು ಹುಡುಗನ ಮನಸ್ಸಿನಲ್ಲಿ ಒಂದು ನಾಚಿಕೆಯನ್ನು ಬಿತ್ತಿಬಿಡುತ್ತದೆ. ಅವನು ಓದಿ, ನೌಕರಿ ಹಿಡಿದು, ಮನೆ ಕಟ್ಟಿಸಿ, ಮೊಮ್ಮಕ್ಕಳನ್ನು ಕಂಡರೂ ಆ ನಾಚಿಕೆ ಅವನನ್ನು ಬಿಡುವುದಿಲ್ಲ. ಮೊಮ್ಮಗನ ಪುಸ್ತಕವನ್ನು ಕೈಗೆತ್ತಿಕೊಂಡಾಗಲೂ ಯಾರಾದರೂ ಒಳಗೆ ಬಂದರೆ, “ಹುಡುಗನಿಗೆ ಓದಿ ಹೇಳುತ್ತಿದ್ದೆ” ಎಂದು ನೆಪ ಹೇಳುತ್ತಾನೆ.

ಬಾಲಸಾಹಿತ್ಯವೆಂಬುದು ಅಟ್ಟದ ಏಣಿಯ ಕೆಳಗಿನ ಮೆಟ್ಟಿಲು, ಒಮ್ಮೆ ಮೇಲೇರಿದವನು ಅದರ ಕಡೆಗೆ ತಿರುಗಿ ನೋಡಬೇಕಾದುದಿಲ್ಲ ಎಂಬ ಭಾವನೆ ಇಂದು ವಿದ್ಯಾವಂತರಲ್ಲಿ ಬೇರೂರಿದೆ. ಇದು ತಪ್ಪು ಭಾವನೆ. ತಪ್ಪಷ್ಟೇ ಅಲ್ಲ, ಹಾನಿಕರವಾದುದು. ಉತ್ತಮವಾದ ಮಕ್ಕಳ ಪುಸ್ತಕವನ್ನು ಎಂಟನೆಯ ವಯಸ್ಸಿನಲ್ಲಿ ಓದಿದವನು ಅದರ ಅರ್ಧವನ್ನು ಮಾತ್ರ ಓದಿರುತ್ತಾನೆ. ಉಳಿದರ್ಧವು ಹದಿನಾರರಲ್ಲಿ, ನಲವತ್ತರಲ್ಲಿ, ಅರುವತ್ತರಲ್ಲಿ ಬಂದು ಕೇಳಲೆಂದು ಅಲ್ಲಿಯೇ ಕಾದಿರುತ್ತದೆ. ಬೀರುವಿಗೆ ಬೀಗ ಹಾಕಿದವರು ಆ ಉಳಿದರ್ಧಕ್ಕೂ ಬೀಗ ಹಾಕಿದಂತಾಯಿತು.

ವಯಸ್ಸಿಗೊಂದು ಬೀರು ಎಂಬ ಈ ವಿಭಜನೆ ಕನ್ನಡ ನಾಡಿನ ಹಳೆಯ ವಿದ್ಯಾಪದ್ಧತಿಯಲ್ಲಿ ಇರಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬೇಕು. ಶ್ರಾವಣ ಮಾಸದಲ್ಲಿ ಮಠದ ಅಂಗಳದಲ್ಲಿ ಪುರಾಣ ನಡೆಯುವಾಗ ಒಂದೇ ಜಮಖಾನೆಯ ಮೇಲೆ ಅಜ್ಜಿಯೂ ಮೊಮ್ಮಗನೂ ಕುಳಿತಿರುತ್ತಾರೆ. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವಾಗಲಿ ಚಾಮರಸನ ಪ್ರಭುಲಿಂಗಲೀಲೆಯಾಗಲಿ ಹುಡುಗರಿಗೆ ಬೇರೆ, ಹಿರಿಯರಿಗೆ ಬೇರೆ ಎಂದು ಎರಡಾಗಿ ಒಡೆದು ಬಂದುದಲ್ಲ. ಹುಡುಗನು ಕಥೆಯ ಪವಾಡಕ್ಕೆ ಕಣ್ಣರಳಿಸುತ್ತಾನೆ, ಅಜ್ಜಿಯು ಅದೇ ಪ್ರಸಂಗಕ್ಕೆ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾಳೆ. ಮರುವರ್ಷ ಅದೇ ಪುರಾಣ ಬಂದರೆ “ಇದನ್ನು ಆಗಲೇ ಕೇಳಿಯಾಗಿದೆ” ಎಂದು ಎದ್ದು ಹೋಗುವವರಿಲ್ಲ. ಸಂಸ್ಕೃತ ಪಾಠಶಾಲೆಗಳ ರೀತಿಯೂ ಇಂಥದೇ. ಎಂಟು ವರ್ಷದ ಬಾಲಕನು ಅಮರಕೋಶದ ಶ್ಲೋಕಗಳನ್ನು ಅರ್ಥವರಿಯದೆಯೇ ಕಂಠಪಾಠ ಮಾಡುತ್ತಿದ್ದನು. ಮುಂದೆ ಕಾವ್ಯವನ್ನೋದುವಾಗ ಆ ಪದಗಳು ಒಂದೊಂದಾಗಿ ಕಣ್ಣು ತೆರೆಯುತ್ತಿದ್ದವು. ಮೊದಲು ನಾಲಗೆಗೆ, ಅನಂತರ ಬುದ್ಧಿಗೆ, ಕೊನೆಗೆ ಅನುಭವಕ್ಕೆ ಎಂಬುದು ಅಲ್ಲಿಯ ಕ್ರಮ. ಮತ್ತೆ ಮತ್ತೆ ಮರಳಿ ಬರುವುದು ವಿದ್ಯೆಯ ಭಾಗವೇ ಆಗಿತ್ತು. ಅದರಲ್ಲಿ ನಾಚಿಕೆಪಡುವಂಥದೇನೂ ಇರಲಿಲ್ಲ.

ಈ ಮಾತಿಗೆ ಗೋವಿನ ಹಾಡಿಗಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಪುಣ್ಯಕೋಟಿಯ ಕಥೆಯನ್ನರಿಯದ ಕನ್ನಡಿಗನಿಲ್ಲ. ಕರ್ತೃವಿನ ಹೆಸರು ತಿಳಿಯದ ಈ ಜನಪದ ಕಥನಗೀತವು ಪಠ್ಯಪುಸ್ತಕಗಳ ಮೂಲಕ ತಲೆಮಾರುಗಳನ್ನು ದಾಟಿ ಬಂದಿದೆ. ಎಂಟು ವರ್ಷದ ಮಗು ಅದನ್ನು ಕೇಳುವಾಗ ಕರುವಾಗಿ ಕೇಳುತ್ತದೆ. ಅಮ್ಮ ಹೊರಟುಹೋಗುತ್ತಾಳೆ, ಇನ್ನು ಬರುವುದಿಲ್ಲ ಎಂಬ ಒಂದೇ ಭಯ ಅದರ ಎದೆಯನ್ನು ತುಂಬುತ್ತದೆ. ಸತ್ಯವಾಕ್ಯ ಮುಂತಾದುವೆಲ್ಲ ಆ ಭಯದ ಮುಂದೆ ಎಲ್ಲಿಯ ಮಾತು! ಅದೇ ಮಗು ಹದಿನಾರರ ತರುಣನಾಗಿ ಮತ್ತೆ ಓದಿದರೆ ಅವನೊಳಗೊಂದು ವಾದ ಏಳುತ್ತದೆ. ಕೊಲ್ಲಲು ನಿಂತವನಿಗೆ ಕೊಟ್ಟ ಮಾತನ್ನು ನಡೆಸಬೇಕೆ? ಬಲಾತ್ಕಾರದಿಂದ ಪಡೆದ ವಚನವೂ ವಚನವೇ? ತಪ್ಪಿಸಿಕೊಳ್ಳಲು ದಾರಿಯಿದ್ದೂ ಮರಳಿ ಹೋದುದು ಧರ್ಮವೋ ಮೌಢ್ಯವೋ? ಈ ಪ್ರಶ್ನೆಗಳನ್ನು ಕೇಳುವ ವಯಸ್ಸು ಹದಿನಾರೇ. ಆದರೆ ಹದಿನಾರರವನ ಕೈಯಿಂದ ಆ ಹಾಡನ್ನು ಕಿತ್ತುಕೊಂಡು ಐದನೆಯ ತರಗತಿಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ನಲವತ್ತು ದಾಟಿದ ಗೃಹಸ್ಥನು ಅದನ್ನೇ ಓದಿದರೆ ಅವನ ಕಣ್ಣು ನಿಲ್ಲುವ ಸ್ಥಳವೇ ಬೇರೆ. ಪುಣ್ಯಕೋಟಿಯು ದೊಡ್ಡಿಗೆ ಬಂದು ಕರುವಿಗೆ ಹಾಲೂಡಿಸಿ, ಅದನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹೋಗುವ ಸಂದರ್ಭವುಂಟಲ್ಲ, ಬಾಲ್ಯದಲ್ಲಿ ಅದು ಕಥೆ ಮುಂದೆ ಸಾಗಲು ಇದ್ದ ಒಂದು ಮಾತು ಮಾತ್ರ. ಹೆತ್ತವರಾದವರಿಗೆ ಅದೇ ಇಡೀ ಹಾಡಿನ ತಿರುಳು. ತಾನಿಲ್ಲದ ಮೇಲೆ ಈ ಮಗುವನ್ನು ಯಾರ ಕೈಗೆ ಒಪ್ಪಿಸಲಿ ಎಂಬ ಚಿಂತೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ ತಾಯಿಗೆ ಹೊಸದಲ್ಲ. ಓದಿಸುವ ಶಕ್ತಿಯಿಲ್ಲದೆ ಮಗನನ್ನು ಮಠದ ಪ್ರಸಾದ ನಿಲಯಕ್ಕೆ ಕರೆತಂದು, ಅವನ ಟ್ರಂಕನ್ನು ಮೂಲೆಯಲ್ಲಿಟ್ಟು, ಹಿಂದಿರುಗಿ ನೋಡದೆ ಬಸ್ಸು ಹತ್ತುವ ತಂದೆಗೂ ಹೊಸದಲ್ಲ. ಇನ್ನು ಹುಲಿಯ ವಿಷಯ. ಅರ್ಬುತನೆಂಬ ಆ ಹುಲಿಯು ಕೊನೆಯಲ್ಲಿ ಹಸುವನ್ನು ತಿನ್ನಲಾರದೆ ತಾನೇ ಪ್ರಾಣ ಬಿಡುವುದು ಮಕ್ಕಳಿಗೆ ಚಪ್ಪಾಳೆ ತಟ್ಟುವ ಸಂಗತಿ. ವೃದ್ಧಾಪ್ಯದ ಹೊಸ್ತಿಲಲ್ಲಿ ನಿಂತವರು ಅಲ್ಲಿ ಚಪ್ಪಾಳೆ ತಟ್ಟುವುದಿಲ್ಲ. ಜೀವಮಾನವಿಡೀ ತಾನು ನಡೆದುಬಂದ ರೀತಿಯೇ ತಪ್ಪೆಂದು ಒಂದು ಕ್ಷಣದಲ್ಲಿ ತಿಳಿದುಬಂದರೆ ಆ ತಿಳಿವನ್ನು ಹೊತ್ತು ಬದುಕುವುದು ಹೇಗೆ ಎಂಬುದು ಹುಲಿಯ ಸಂಕಟ. ಹಾಡು ಹಸುವಿನದೆಂದು ಹೆಸರಿದ್ದರೂ ಅತಿ ದೊಡ್ಡ ಬದಲಾವಣೆ ಆದದ್ದು ಹುಲಿಯಲ್ಲಿ. ಹಸು ಮೊದಲಿನಿಂದ ಕೊನೆಯವರೆಗೆ ಒಂದೇ ತೆರನಾಗಿದೆ. ಇದನ್ನು ಎಂಟು ವರ್ಷದ ಮಗುವಿಗೆ ವಿವರಿಸಬಹುದು, ಅದು ತಲೆಯನ್ನೂ ಆಡಿಸಬಹುದು. ಆದರೆ ವಿವರಣೆಯಿಂದ ಬರುವಂಥದಲ್ಲ ಇದು.

ಜನಪದದ ಮಾತು ಹೀಗಾದರೆ ಶಿಷ್ಟ ಕೃತಿಗಳದು ಇನ್ನೊಂದು ಬಗೆ. ‘ಓದಿಯಾಗಿದೆ’ ಎಂಬ ಭ್ರಮೆಯು ಅಲ್ಲಿ ಇನ್ನೂ ಹೆಚ್ಚು. ಸಿಂಹ ಮತ್ತು ಮೊಲ, ಕೋತಿ ಮತ್ತು ಮೊಸಳೆ ಎಂಬ ನಾಲ್ಕಾರು ಕಥೆಗಳನ್ನು ಚಿತ್ರಸಹಿತವಾಗಿ ಓದಿದವರೆಲ್ಲರೂ ಪಂಚತಂತ್ರವನ್ನು ಓದಿದೆವೆಂದು ನಂಬಿದ್ದಾರೆ. ಅದರ ಮೊದಲ ತಂತ್ರದ ಮುಖ್ಯ ಕಥೆ ಒಂದು ಸಿಂಹಕ್ಕೂ ಒಂದು ಎತ್ತಿಗೂ ಬೆಳೆದ ಗಾಢ ಸ್ನೇಹವನ್ನು ನರಿಯೊಂದು ಕಿವಿಯೂದಿ ಕೆಡಿಸಿದ ಕಥೆ. ಎತ್ತು ಸಾಯುತ್ತದೆ, ಸಿಂಹ ಮರುಗುತ್ತದೆ, ನರಿ ಮಂತ್ರಿಯ ಪದವಿಯಲ್ಲಿ ಉಳಿಯುತ್ತದೆ. ಮಕ್ಕಳ ಆವೃತ್ತಿಗಳಲ್ಲಿ ಇದು ಬಹುಮಟ್ಟಿಗೆ ಕಾಣಸಿಗುವುದಿಲ್ಲ, ಏಕೆಂದರೆ ಇಲ್ಲಿ ಕೆಟ್ಟವನಿಗೆ ಶಿಕ್ಷೆಯಾಗಲಿಲ್ಲ. 11ನೆಯ ಶತಮಾನದಲ್ಲಿ ಇದನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಚಾಳುಕ್ಯ ಜಗದೇಕಮಲ್ಲನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ರಾಜ್ಯಗಳ ನಡುವಣ ಸಂಧಾನವನ್ನೂ ಯುದ್ಧವನ್ನೂ ಕೈಯಾರೆ ನಡೆಸಿದ ಅಧಿಕಾರಿಯು ಪ್ರಾಣಿಗಳ ಕಥೆಯನ್ನು ಕೈಗೆತ್ತಿಕೊಂಡುದು ಕೂಸುಗಳನ್ನು ರಮಿಸುವುದಕ್ಕೆ ಆಗಿರಲಾರದು. ಯಾವುದೇ ಕಚೇರಿಯಲ್ಲಿ, ಯಾವುದೇ ಆಡಳಿತ ಮಂಡಳಿಯಲ್ಲಿ ಹತ್ತು ವರ್ಷ ಕುಳಿತೆದ್ದವರು ಆ ನರಿಯನ್ನು ಮತ್ತೊಮ್ಮೆ ಓದಿ ನೋಡಬೇಕು. ಕೆಲವರಿಗೆ ಅದರ ಮುಖದ ಪರಿಚಯವೂ ಆದೀತು.

ಆಂಗ್ಲ ಸಾಹಿತ್ಯದಲ್ಲಿಯೂ ಇದೇ ಕಥೆ. ಜೊನಾಥನ್ ಸ್ವಿಫ್ಟನು 1726ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸಗಳು ಮೂಲತಃ ದೊಡ್ಡವರಿಗಾಗಿ ಬರೆದ ಕಟುವಾದ ವಿಡಂಬನೆ. ಮಕ್ಕಳ ಪಾಲಿಗೆ ಅದರಲ್ಲಿ ಉಳಿದದ್ದು ಕುಳ್ಳರ ನಾಡು ಮತ್ತು ದೈತ್ಯರ ನಾಡು. ಕುದುರೆಗಳೇ ವಿವೇಕಿಗಳಾಗಿ, ಮನುಷ್ಯಾಕೃತಿಯ ಜೀವಿಗಳು ಹೊಲಸಿನಲ್ಲಿ ಹೊರಳುವ ನಾಲ್ಕನೆಯ ಪ್ರವಾಸವನ್ನು ಬಿಟ್ಟುಬಿಡುವುದೇ ವಾಡಿಕೆ. ಉಳಿಸಿಕೊಂಡ ಭಾಗದಲ್ಲಾದರೂ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂಬುದಕ್ಕಾಗಿ ಎರಡು ರಾಜ್ಯಗಳು ಹೊಡೆದಾಡುವುದನ್ನು ಹುಡುಗರು ನಕ್ಕು ಮರೆಯುತ್ತಾರೆ. ಒಂದೇ ದೈವವನ್ನು ನಂಬಿಯೂ ಬೀದಿಯಲ್ಲಿ ಕಾದಾಡುವವರನ್ನು ಕಂಡ ಮೇಲೆ ಅದನ್ನು ಓದಿದವರಿಗೆ ನಗೆಯ ಜೊತೆಗೆ ಇನ್ನೇನೋ ಗಂಟಲಿಗೆ ಬರುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ಆಕ್ಸ್‌ಫರ್ಡಿನಲ್ಲಿ ಗಣಿತದ ಅಧ್ಯಾಪಕನಾಗಿದ್ದ ಚಾರ್ಲ್ಸ್ ಡಾಡ್ಜ್‌ಸನ್ ಎಂಬಾತನು 1862ರ ಜುಲೈ 4ರಂದು ದೋಣಿಯಲ್ಲಿ ಮೂವರು ಅಕ್ಕತಂಗಿಯರಿಗೆ ಹೊತ್ತು ಹೋಗಲೆಂದು ಹೇಳಿದ ಕಥೆಯೊಂದು 1865ರಲ್ಲಿ ಲೂಯಿ ಕ್ಯಾರಲ್ ಎಂಬ ಹೆಸರಿನಿಂದ ‘ಆಲಿಸ್’ ಆಗಿ ಹೊರಬಂದಿತು. ಅಪ್ಪಟ ಮಕ್ಕಳ ಕಥೆ. ಆದರೆ ತರ್ಕಶಾಸ್ತ್ರಜ್ಞರೂ ಗಣಿತಜ್ಞರೂ ಅದನ್ನು ಬಿಡದೆ ಓದಿದರು. 1960ರಲ್ಲಿ ಮಾರ್ಟಿನ್ ಗಾರ್ಡ್ನರ್ ಎಂಬವರು ಅದಕ್ಕೆ ಪುಟಪುಟಕ್ಕೂ ಟಿಪ್ಪಣಿಗಳನ್ನು ಬರೆದು, ಕಾಳಿದಾಸನಿಗೆ ಮಲ್ಲಿನಾಥನು ಮಾಡಿದಂತೆ, ವ್ಯಾಖ್ಯಾನ ಸಹಿತವಾಗಿ ಪ್ರಕಟಿಸಿದರು. ಕನ್ನಡದಲ್ಲಿ ಅದೇ ಆಲಿಸ್ ನಾ. ಕಸ್ತೂರಿಯವರ ಕೈಯಲ್ಲಿ ‘ಪಾತಾಳದಲ್ಲಿ ಪಾಪಚ್ಚಿ’ ಆದಳು. ಮಲಯಾಳ ಮಾತೃಭಾಷೆಯ ವಿದ್ವಾಂಸರೊಬ್ಬರು ಕನ್ನಡದ ನುಡಿಯೊಡನೆ ಇಷ್ಟು ಸಲಿಗೆಯಿಂದ ಆಟವಾಡಿದುದನ್ನು ನೋಡಲಿಕ್ಕಾದರೂ ಕನ್ನಡ ಅಧ್ಯಾಪಕರು ಅದನ್ನು ಹುಡುಕಿ ಓದಬೇಕು.

ಮಕ್ಕಳ ಪದ್ಯಗಳ ವಿಷಯಕ್ಕೆ ಬಂದರೆ ಲಾಭ ಇನ್ನೊಂದು ಬಗೆಯದು. ಅದು ಕಿವಿಗೆ ಸಂಬಂಧಿಸಿದ್ದು. ಪ್ರೌಢಶಾಲೆಯ ವಿದ್ಯಾರ್ಥಿಗಳು ಛಂದಸ್ಸನ್ನು ಕಲಿಯುವ ರೀತಿ ಎಲ್ಲರಿಗೂ ತಿಳಿದದ್ದೇ. ಕರಿಹಲಗೆಯ ಮೇಲೆ ಸಾಲನ್ನು ಬರೆದು, ಲಘು ಗುರುಗಳ ಚಿಹ್ನೆ ಹಾಕಿ, ನಾಲ್ಕು ನಾಲ್ಕು ಮಾತ್ರೆಗೊಂದು ಗೆರೆ ಎಳೆದು, ‘ಇದು ಮಂದಾನಿಲ ರಗಳೆ’ ಎಂದು ಬರೆದರೆ ಅಂಕಗಳು ಬಂದವು. ಕಿವಿಗೆ ಮಾತ್ರ ಏನೂ ಬರಲಿಲ್ಲ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬಾಯ್ತುಂಬ ಹೇಳಿದ ಹುಡುಗನಿಗೆ ಆ ನಾಲ್ಕು ಮಾತ್ರೆಯ ಹೆಜ್ಜೆ ಕಾಲಿನಲ್ಲಿಯೇ ಕುಳಿತಿರುತ್ತದೆ. ಹರಿಹರನ ರಗಳೆಗಳ ಬಾಗಿಲನ್ನು ಅವನು ತಟ್ಟುವ ಮೊದಲೇ ಅದು ತೆರೆದಿರುತ್ತದೆ. ಎಂಟನೆಯ ವಯಸ್ಸಿನಲ್ಲಿ ಅವನು ಹೇಳಿದ್ದು ಇಲಿಗಳ ಸಂಭ್ರಮಕ್ಕಾಗಿ. ಹದಿನಾಲ್ಕರಲ್ಲಿ ಮತ್ತೆ ಅದನ್ನು ಹೇಳಿಸಿ, ಅದೇ ನಡೆಯನ್ನು ಹರಿಹರನಲ್ಲಿ ತೋರಿಸಿಕೊಟ್ಟರೆ ಲಕ್ಷಣವನ್ನು ಉರುಹೊಡೆಯಬೇಕಾದುದಿಲ್ಲ.

ಅದೇ ಕಿಂದರಿಜೋಗಿಯಲ್ಲಿ ಬೆಳೆದವನಿಗೆ ಇನ್ನೊಂದು ಕಾದಿದೆ. ಬ್ರೌನಿಂಗ್ ಕವಿಯು ಕಾಯಿಲೆ ಬಿದ್ದಿದ್ದ ಒಬ್ಬ ಬಾಲಕನ ವಿನೋದಕ್ಕಾಗಿ ಬರೆದು 1842ರಲ್ಲಿ ಪ್ರಕಟಿಸಿದ, ಜರ್ಮನಿಯ ವೇಸರ್ ನದೀತೀರದ ಕಥೆಯನ್ನು ಕುವೆಂಪು ತುಂಗಾತೀರಕ್ಕೆ ತಂದರು. ತಂದದ್ದು ಎಷ್ಟು ಚೆನ್ನಾಗಿ ಬೇರುಬಿಟ್ಟಿತೆಂದರೆ ಅದು ಹೊರಗಿನ ಸಸಿಯೆಂಬುದೇ ಅನೇಕರಿಗೆ ತಿಳಿಯದು. ಮಕ್ಕಳಿಗೆ ಅಲ್ಲಿ ಇಲಿಗಳೇ ನಾಯಕರು. ದೊಡ್ಡವರು ತಡೆದು ನಿಲ್ಲಬೇಕಾದುದು ಊರಿನ ಗೌಡನ ಬಳಿ. ಕಷ್ಟ ಮುತ್ತಿದಾಗ ಕೇಳಿದಷ್ಟು ಕೊಡುತ್ತೇನೆಂದವನು ಕಷ್ಟ ಕಳೆದೊಡನೆ ಕೊಟ್ಟ ಮಾತನ್ನು ಮರೆತನು. ಅದರ ಬೆಲೆಯನ್ನು ತೆತ್ತವರು ಊರಿನ ಮಕ್ಕಳು. ಹಿರಿಯರು ಮಾಡಿದ ಸಾಲವನ್ನು ಕಿರಿಯರು ತೀರಿಸಬೇಕಾಗುವ ಈ ಲೆಕ್ಕಾಚಾರವು ಕೆರೆಗಳನ್ನು ಮುಚ್ಚಿ ನಿವೇಶನ ಮಾಡಿಕೊಂಡ ಈ ಕಾಲದ ಊರುಗಳಿಗೆ ಹೊಸ ಅರ್ಥ ಕೊಡುತ್ತದೆ. ಇದನ್ನು ಐದನೆಯ ತರಗತಿಯ ಮಕ್ಕಳು ಕಂಡುಕೊಳ್ಳಲೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಊರನ್ನು ನಡೆಸುವವರು ಓದಬೇಕು.

ಪಂಜೆ ಮಂಗೇಶರಾಯರ ‘ತೆಂಕಣ ಗಾಳಿಯಾಟ’ವನ್ನು ಇಲ್ಲಿ ಒಂದು ಮಾತಿನಲ್ಲಾದರೂ ನೆನೆಯದಿದ್ದರೆ ಅಪಚಾರವಾದೀತು. ವ್ಯಾಕರಣದಲ್ಲಿ ಅನುಕರಣಾವ್ಯಯವೆಂಬ ಪ್ರಕರಣವೊಂದುಂಟು. ಧಗಧಗ, ಚಟಚಟ ಎಂದು ನಾಲ್ಕು ಉದಾಹರಣೆ ಕೊಟ್ಟು ಅಧ್ಯಾಪಕರು ಮುಂದಿನ ಪಾಠಕ್ಕೆ ಹೋಗುತ್ತಾರೆ. ಕಡಲ ಕಡೆಯ ಗಾಳಿಯ ಭರಾಟೆಯನ್ನು ಶಬ್ದದಿಂದಲೇ ಕಟ್ಟಿ ನಿಲ್ಲಿಸಿದ ಆ ಕವಿತೆಯನ್ನು ದೊಡ್ಡದಾಗಿ ಓದಿದವನಿಗೆ ಆ ಪ್ರಕರಣ ಜನ್ಮದಲ್ಲಿ ಮರೆಯದು. ಬಯಲುಸೀಮೆಯ ಹುಡುಗನಿಗಂತೂ ಅದು ಸಮುದ್ರವನ್ನೇ ಕೊಠಡಿಯೊಳಗೆ ತಂದುಕೊಟ್ಟಂತೆ.

ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ಯ ಹುಡುಗನ ಕಥೆ ಯಾರಿಗೆ ತಿಳಿಯದು? ಬಣ್ಣದ ತುತ್ತೂರಿಯನ್ನು ಊದುತ್ತ ಜಂಬದಿಂದ ಮೆರೆದವನ ಕೈಯಿಂದ ಅದು ಕೊಳದ ನೀರಿಗೆ ಜಾರಿತು. ತುತ್ತೂರಿಯೊಳಗೆ ನೀರು ತುಂಬಿ ದನಿಯೇ ಅಡಗಿಹೋಯಿತು. ನಿವೃತ್ತಿಯ ಮರುದಿನ ಬೆಳಿಗ್ಗೆ ಎದ್ದು, ಸಲಾಮು ಮಾಡುವ ಜವಾನನಿಲ್ಲದ ಅಂಗಳವನ್ನು ನೋಡುವ ಅಧಿಕಾರಿಗೆ ಆ ಪದ್ಯವನ್ನು ಯಾರಾದರೂ ಓದಿ ಹೇಳಬೇಕು. ಆಗ ಅದು ಶಿಶುಪ್ರಾಸವಾಗಿ ಉಳಿಯುವುದಿಲ್ಲ. ‘ರತ್ನನ ಪದಗಳು’ ಬರೆದ ಕೈಯೇ ಇದನ್ನು ಬರೆದದ್ದು ಎಂಬುದನ್ನು ಮರೆಯಬಾರದು. ಒಂದರಲ್ಲಿ ಕುಡುಕನ ಬಾಯಿಂದ ಬಂದ ಲೋಕಜ್ಞಾನವೇ ಇನ್ನೊಂದರಲ್ಲಿ ಕೂಸಿನ ನಾಲಗೆಯ ಮೇಲೆ ಕುಣಿದಿದೆ.

ಹೀಗೆಂದಮಾತ್ರಕ್ಕೆ ಮಕ್ಕಳಿಗಾಗಿ ಅಚ್ಚಾದುದೆಲ್ಲವೂ ಪುನಃಪಠನಕ್ಕೆ ಯೋಗ್ಯವೆಂದು ತಿಳಿಯಬಾರದು. ಬಾಲಸಾಹಿತ್ಯದ ಹೆಸರಿನಲ್ಲಿ ಬಂದ ಜೊಳ್ಳಿಗೆ ಲೆಕ್ಕವಿಲ್ಲ. ಸುಳ್ಳು ಹೇಳಿದ ಹುಡುಗನಿಗೆ ಮೂರನೆಯ ಪುಟದಲ್ಲಿ ಕಾಲು ಮುರಿದು, ನಾಲ್ಕನೆಯ ಪುಟದಲ್ಲಿ ಬುದ್ಧಿ ಬಂದು, ಐದನೆಯ ಪುಟದಲ್ಲಿ ‘ಇದರ ನೀತಿ’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ ಕಥೆಗಳನ್ನು ಮಕ್ಕಳೇ ಎರಡನೆಯ ಸಲ ಓದುವುದಿಲ್ಲ. ದೊಡ್ಡವರು ಓದಲೆಂದು ಕೇಳುವುದು ಅನ್ಯಾಯ. ಅಂಥ ಪುಸ್ತಕಗಳನ್ನು ಶಾಲೆಗಳಿಗೆ ಕಟ್ಟುಕಟ್ಟಾಗಿ ದಾನ ಮಾಡುವ ಪುಣ್ಯಾತ್ಮರು ಬೇಸರಿಸಬಾರದು. ನೀತಿ ಬೇಡವೆಂದಲ್ಲ. ಕಬ್ಬಿನೊಳಗಿನ ರಸದಂತೆ ಅದು ಕಥೆಯೊಳಗಿರಬೇಕೇ ಹೊರತು ಹೊರಗೆ ಸವರಿದ ಬೆಲ್ಲವಾಗಬಾರದು. ಬೆಳೆದವನು ಮರಳಿ ಬಂದಾಗ ಅವನಿಗೆ ಕೊಡಲು ಏನಾದರೂ ಉಳಿದಿದೆಯೇ ಎಂಬುದೇ ಮಕ್ಕಳ ಪುಸ್ತಕದ ಪರೀಕ್ಷೆ. ಬಾಲ್ಯದ ನೆನಪಿಗಾಗಿ ಹಳೆಯ ಪುಸ್ತಕವನ್ನು ತಡವಿ, ವಾಸನೆ ನೋಡಿ, ನಿಟ್ಟುಸಿರಿಟ್ಟು ಕೆಳಗಿಡುವುದು ಸಹ ಓದಲ್ಲ. ಹಳೆಯ ವಿದ್ಯಾರ್ಥಿಗಳ ಸಮ್ಮೇಳನಗಳಲ್ಲಿ ಇಂಥ ನಿಟ್ಟುಸಿರು ಬಹಳ, ಓದು ಕಡಿಮೆ.

ಪ್ರೌಢಶಾಲೆಯ ಅಧ್ಯಾಪಕರು ಇಲ್ಲಿ ಒಂದು ಆಕ್ಷೇಪವನ್ನೆತ್ತುವುದು ಸಹಜ: ಹದಿನಾರರ ಹುಡುಗನು ಪಂಪ, ಕುಮಾರವ್ಯಾಸರನ್ನು ಓದಬೇಕಾದ ವಯಸ್ಸಿನಲ್ಲಿ ಹಿಂದಕ್ಕೆ ಹೋಗಬೇಕೇ? ಆಕ್ಷೇಪ ಸಾಧುವಾದುದೇ. ಆದರೆ ವಸ್ತುಸ್ಥಿತಿಯನ್ನು ನೋಡಬೇಕು. ಮಕ್ಕಳ ಪುಸ್ತಕವನ್ನು ಬಿಡಿಸಿದ ಹುಡುಗನು ಕುಮಾರವ್ಯಾಸನ ಕಡೆಗೆ ಹೋಗುತ್ತಿಲ್ಲ. ಮಾರ್ಗದರ್ಶಿ ಪ್ರಶ್ನೋತ್ತರಗಳ ಕಡೆಗೂ ಕೈಯಲ್ಲಿನ ಮೊಬೈಲಿನ ಕಡೆಗೂ ಹೋಗುತ್ತಿದ್ದಾನೆ. ಇಂಗ್ಲಿಷ್ ಮಾಧ್ಯಮದಿಂದ ಬಂದು ಎಂಟನೆಯ ತರಗತಿಗೆ ಸೇರುವ ಅನೇಕರಿಗೆ ಕನ್ನಡದ ಬಾಲ್ಯವೇ ದೊರೆತಿರುವುದಿಲ್ಲ. ಅವರಿಗೆ ಇದು ಹಿಂದಕ್ಕೆ ಹೋಗುವುದಲ್ಲ, ತಪ್ಪಿಹೋದುದನ್ನು ಪಡೆಯುವುದು. ಭಾಮಿನಿಯ ಮೂರು ನಾಲ್ಕು ಮಾತ್ರೆಯ ಓಟವನ್ನು ಹಿಡಿಯಲಾರದೆ ಒದ್ದಾಡುವವರಿಗೆ ಎರಡು ವಾರ ಪಂಜೆಯವರನ್ನೂ ರಾಜರತ್ನಂ ಅವರನ್ನೂ ಬಾಯಲ್ಲಾಡಿಸಲು ಕೊಟ್ಟು ನೋಡಿದರೆ ಅಧ್ಯಾಪಕರಿಗೇ ವ್ಯತ್ಯಾಸ ಕಂಡೀತು.

ಹಿರಿಯರ ಗೋಪ್ಯವೊಂದನ್ನೂ ಇಲ್ಲಿ ಬಯಲು ಮಾಡಬೇಕಾಗಿದೆ. 1947ರಲ್ಲಿ ತೆಲುಗು ತಮಿಳುಗಳಲ್ಲಿ ಆರಂಭವಾಗಿ ಅನಂತರ ಕನ್ನಡಕ್ಕೂ ಬಂದು 2013ರಲ್ಲಿ ನಿಂತುಹೋದ ‘ಚಂದಮಾಮ’ ಪತ್ರಿಕೆಯ ಚಂದಾ ಮನೆಮನೆಗಳಲ್ಲಿ ಇದ್ದುದು ಮಕ್ಕಳ ಹೆಸರಿನಲ್ಲಿ. ಅಂಚೆಯವನು ತಂದೊಡನೆ ಮೊದಲು ಓದುತ್ತಿದ್ದವರು ತಂದೆಯರು. ಹೆಗಲ ಮೇಲೆ ಶವವನ್ನು ಹೊತ್ತು ಕತ್ತಿ ಹಿಡಿದು ನಡೆಯುವ ರಾಜನ ಚಿತ್ರದ ಕೆಳಗೆ ಬೇತಾಳನು ಕೇಳಿದ ಪ್ರಶ್ನೆಗೆ ಉತ್ತರವನ್ನು ತಾವೇ ಮೊದಲು ಊಹಿಸಿ, ಸರಿಯಾದರೆ ಒಳಗೊಳಗೇ ಹಿಗ್ಗಿ, ಬಳಿಕ ಗಂಭೀರ ಮುಖಮುದ್ರೆಯಿಂದ ಮಗನಿಗೆ ಒಪ್ಪಿಸುತ್ತಿದ್ದರು. ಹಾಗೆ ಓದಿದವರಾರೂ ಕೆಟ್ಟಿಲ್ಲ.

ಸಾಹಿತ್ಯಲೋಕವು ಈ ವಿಷಯದಲ್ಲಿ ಶಾಲೆಗಳಿಗಿಂತ ಉದಾರವಾಗಿ ನಡೆದುಕೊಂಡಿತೆನ್ನಬೇಕು. ಮಕ್ಕಳಿಗಾಗಿ ಬರೆದ ಪಂಜೆಯವರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ‘ಬಾಲಪ್ರಪಂಚ’ದ ಶಿವರಾಮ ಕಾರಂತರು 1955ರಲ್ಲಿ ಮೈಸೂರಿನಲ್ಲಿಯೂ, ಕುವೆಂಪು 1957ರಲ್ಲಿ ಧಾರವಾಡದಲ್ಲಿಯೂ, ರಾಜರತ್ನಂ 1978ರಲ್ಲಿ ದೆಹಲಿಯಲ್ಲಿಯೂ, ಮಕ್ಕಳ ಪದ್ಯಗಳನ್ನೂ ವಚನಗಳನ್ನೂ ಸರಿಸಮನಾಗಿ ಬರೆದ ಸಿದ್ಧಯ್ಯ ಪುರಾಣಿಕರು 1987ರಲ್ಲಿ ಕಲಬುರಗಿಯಲ್ಲಿಯೂ ಅದೇ ಪೀಠದಲ್ಲಿ ಕುಳಿತರು. ಇವರ ದೊಡ್ಡವರ ಪುಸ್ತಕಗಳು ಒಂದು ಬೀರುವಿನಲ್ಲಿಯೂ ಮಕ್ಕಳ ಪುಸ್ತಕಗಳು ಬೀಗ ಹಾಕಿದ ಇನ್ನೊಂದರಲ್ಲಿಯೂ ಇವೆ. ಒಬ್ಬನೇ ಕವಿಯನ್ನು ನಡುವೆ ಸೀಳಿ ಎರಡು ಕಡೆ ಇಟ್ಟಂತಾಗಿದೆ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಆ ಬೀರುವನ್ನು ಮೂಲೆಯಿಂದ ಎತ್ತಿ ಪ್ರೌಢಶಾಲೆಯ ಓದುವ ಮೇಜಿನ ಬಳಿಗೆ ತರಬೇಕು. ಚೀಟಿಯನ್ನು ಕಿತ್ತುಹಾಕಬೇಕು. ಎರವಲು ಪುಸ್ತಕದಲ್ಲಿ ಮೊದಲ ಹೆಸರನ್ನು ಮುಖ್ಯೋಪಾಧ್ಯಾಯರೇ ಬರೆದರೆ ಉಳಿದವರ ನಾಚಿಕೆ ತಾನಾಗಿ ಹೋಗುತ್ತದೆ. ದಾನಿಗಳು ಸ್ಪರ್ಧಾ ಪರೀಕ್ಷೆಯ ಪುಸ್ತಕಗಳಿಗೆ ಕೊಡುವ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಇತ್ತ ತಿರುಗಿಸಿದರೂ ಪ್ರತಿಯೊಂದು ಕೃತಿಯ ನಾಲ್ಕೈದು ಪ್ರತಿಗಳು ಬಂದಾವು. ಒಂದೇ ಪ್ರತಿಯಿದ್ದರೆ ಅದು ಸಣ್ಣ ಮಕ್ಕಳಿಗೇ ಸಲ್ಲಬೇಕಾಗುತ್ತದೆ, ಅವರ ಪಾಲನ್ನು ಕಸಿಯುವುದು ಯಾರ ಉದ್ದೇಶವೂ ಅಲ್ಲ. ಹಳೆಯ ಪ್ರತಿಗಳ ಹೊದಿಕೆ ಹರಿದು ಹೊಲಿಗೆ ಬಿಚ್ಚಿರುವುದು ನಿಜ. ಬೇಸಗೆಯ ರಜೆ ಮುಗಿಯುವುದರೊಳಗೆ ಅವನ್ನು ರಟ್ಟು ಕಟ್ಟುವವರ ಬಳಿಗೆ ಕಳುಹಿಸಿದರೆ ಜೂನ್ ತಿಂಗಳಿಗೆ ಸಿದ್ಧವಾಗುತ್ತವೆ.